ಇಪ್ಪತ್ತೇಳು ಹಲ್ಲು

ವೆಲ್ಡಾಳಿಗೂ ಲೆಂತಾಳಿಗೂ ದಂತ ಕಾಲೇಜಿನ ಸಂದರ್ಶನಕ್ಕೆ ಕರೆ ಬಂದದ್ದು ಒಂದೇ ದಿನ. ವೆಲ್ಡಾಳ ಸುದ್ದಿ ಸಂಜೆಯೊಳಗೆ, ಒಂದೇ ಸೂರಿನಡಿ ಊರೇ ಇರುವ ಸಾಲುಮನೆಯ ಇಪ್ಪತ್ತೆರಡು ಬಾಗಿಲನ್ನೂ ಮುಟ್ಟಿತು. ಲೆಂತಾಳ ಕಾಗದ ಅವಳ ಕೈಚೀಲ ಬಿಟ್ಟು ಹೊರಗೆ ಬರಲಿಲ್ಲ.

ಲೆಂತಾಳಿಗೆ ಇಪ್ಪತ್ತೆಂಟು. ರಜಾಂಗ್ ನದಿಯ ಮೇಲ್ಗಡೆಯ ನಾಂಗಾ ಸೆಬಾಟ್ ಪೇಟೆಯಲ್ಲಿ, ಸರ್ಕಾರಿ ಹಲ್ಲಿನ ದವಾಖಾನೆಯಲ್ಲಿ ಏಳು ವರ್ಷದಿಂದ ನರ್ಸ್. ಮಕ್ಕಳ ಬಾಯಿಗೆ ಮಾತ್ರ ಕೈ ಹಾಕುವ ಅಧಿಕಾರ ಅವಳದು. ಹುಳುಕು ತುಂಬಬಹುದು, ಹಾಲುಹಲ್ಲು ಕೀಳಬಹುದು. ಹದಿನೆಂಟು ದಾಟಿದವರು ಬಂದು ಕುರ್ಚಿಯಲ್ಲಿ ಕೂತರೆ ಎದ್ದು ಹೋಗಿ ಡಾಕ್ಟರನ್ನು ಕರೆಯಬೇಕು. ತಿಂಗಳಲ್ಲಿ ಎರಡು ವಾರ ಮಡಚುವ ಕುರ್ಚಿ, ಔಷಧಿ ಪೆಟ್ಟಿಗೆ, ಜನರೇಟರ್ ಎಲ್ಲವನ್ನೂ ದೋಣಿಗೆ ಹೇರಿಕೊಂಡು ಮೇಲಿನ ಹಾಸ್ಟೆಲ್ ಶಾಲೆಗಳಿಗೆ ಹೋಗುವುದು. ದೋಣಿ ದಡಕ್ಕೆ ತಾಗುವಷ್ಟರಲ್ಲಿ 'ಹಲ್ಲಿನ ಮಿಸ್ಸಿ ಬಂದ್ಲು' ಅಂತ ಕೂಗು ಹಾಕಿಕೊಂಡು ಅರ್ಧ ಶಾಲೆ ಪಾಯಿಖಾನೆ ಹಿಂದೆ ಅಡಗಿರುತ್ತಿತ್ತು.

ಮೂರು ವರ್ಷದ ಹಿಂದೆ ಅವಳು ಒಮ್ಮೆ ಅರ್ಜಿ ಹಾಕಿದ್ದಳು. ಆಗ ತಡೆಯಲಾರದೆ ಕಂಡಕಂಡವರಿಗೆಲ್ಲ ಹೇಳಿಕೊಂಡಿದ್ದಳು. ಕರೆಯೇ ಬರಲಿಲ್ಲ. ಆಮೇಲೆ ಒಂದು ವರ್ಷ ಪೂರ್ತಿ, ಮದುವೆಗೆ ಹೋದರೆ ಮದುವೆಯಲ್ಲಿ, ಸಾವಿಗೆ ಹೋದರೆ ಸಾವಿನಲ್ಲಿ, 'ಡಾಕ್ಟರಾಗೋದು ಎಲ್ಲಿಗೆ ಬಂತು?' ಎಂದು ಕೇಳಿದವರೇ. ಅದಕ್ಕೇ ಈ ಸಲ ಅರ್ಜಿಗೆ ಸಹಿ ಹಾಕಿದ ದವಾಖಾನೆಯ ಡಾಕ್ಟರ್ ತಿಯೋಂಗ್ ಒಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಮಾರನೇ ಬೆಳಿಗ್ಗೆ ಚಿಕ್ಕಮ್ಮ ಜೆಂಟಿ ಮೊದಲ ದೋಣಿಗೇ ಬಂದಿಳಿದಳು. ಒಂದು ಕೈಯಲ್ಲಿ ಮಿಡಿನ್ ಸೊಪ್ಪಿನ ಕಟ್ಟು, ಇನ್ನೊಂದರಲ್ಲಿ ಹೊಗೆಯಲ್ಲಿ ಒಣಗಿಸಿದ ಮೀನು, ಹಿಂದೆ ಮಗಳು ವೆಲ್ಡಾ. ಹತ್ತೊಂಬತ್ತರ ಹುಡುಗಿ. ಲಾಬುವಾನಿನ ಕಾಲೇಜಿನಲ್ಲಿ ಓದಿ ಎಲ್ಲ ವಿಷಯದಲ್ಲೂ ಮೇಲಿನ ದರ್ಜೆ ತೆಗೆದಿದ್ದಳು.

"ಇವಳನ್ನ ನಿನ್ನ ಕೈಗೆ ಹಾಕ್ತಿದೀನಿ ನೋಡು," ಎಂದಳು ಚಿಕ್ಕಮ್ಮ. "ಇನ್ನು ನಾಲ್ಕು ವಾರ ಇದೆ. ಅಲ್ಲಿ ಏನ್ ಕೇಳ್ತಾರೆ, ಹೆಂಗೆ ಕೂತ್ಕೋಬೇಕು, ಎಲ್ಲಾ ಹೇಳ್ಕೊಡು. ಹಲ್ಲಿನ ವಿಷಯ ನಮ್ಮ ಪೈಕಿ ನಿನಗಲ್ದೆ ಇನ್ಯಾರಿಗೆ ಗೊತ್ತು?"

ಹೇಳಿಬಿಡಬೇಕೆಂದು ಲೆಂತಾ ಬಾಯಿ ತೆರೆದದ್ದು ನಿಜ. "ಚಿಕ್ಕಮ್ಮ, ನಾನೂ ಈ ಸಲ…" ಅನ್ನುವಷ್ಟರಲ್ಲಿ ಚಿಕ್ಕಮ್ಮ ಅವಳ ಭುಜ ತಟ್ಟಿದಳು. "ಗೊತ್ತು ಕಣವ್ವಾ, ನಿನಗೂ ಆಸೆ ಇತ್ತು. ನಿನಗಂತೂ ಆಗಲಿಲ್ಲ, ಇವಳಿಗಾದ್ರೂ ಆಗ್ಲಿ."

ಲೆಂತಾ ಬಾಯಿ ಮುಚ್ಚಿದಳು. ಸೊಪ್ಪು ಇಸಿದುಕೊಂಡು ಒಳಗೆ ಹೋದಳು. ಆಗ ಹೇಳದೇ ಉಳಿದ ಮಾತನ್ನು ಆಮೇಲೆ ಹೇಳುವುದು ದಿನದಿನಕ್ಕೂ ಕಷ್ಟವಾಗುತ್ತ ಹೋಯಿತು.

ವೆಲ್ಡಾ ಲೆಂತಾಳ ಬಾಡಿಗೆ ಕೋಣೆಯಲ್ಲೇ ಉಳಿದಳು. ದವಾಖಾನೆ ಮುಚ್ಚಿದ ಮೇಲೆ ಹಿಂದಿನ ಜಗಲಿಯಲ್ಲಿ ಇಬ್ಬರೂ ಕೂರುತ್ತಿದ್ದರು. ವೆಲ್ಡಾಳ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇತ್ತು. ಹಿಂದಿನ ವರ್ಷಗಳಲ್ಲಿ ಕೇಳಿದ ಪ್ರಶ್ನೆಗಳನ್ನು ಎಲ್ಲೆಲ್ಲಿಂದಲೋ ಹೆಕ್ಕಿ ಬರೆದುಕೊಂಡು, ಒಂದೊಂದಕ್ಕೂ ಉತ್ತರ ಉರುಹೊಡೆದಿದ್ದಳು.

"ದಂತ ವೈದ್ಯಕೀಯವನ್ನೇ ಯಾಕೆ ಆರಿಸಿಕೊಂಡಿರಿ?" ಲೆಂತಾ ಓದಿದಳು.

ವೆಲ್ಡಾ ಬೆನ್ನು ನೆಟ್ಟಗೆ ಮಾಡಿ ಶುರು ಮಾಡಿದಳು. "ಬಾಲ್ಯದಿಂದಲೂ ಸಮಾಜಕ್ಕೆ ಸೇವೆ ಸಲ್ಲಿಸಬೇಕೆಂಬ ಹಂಬಲ ನನ್ನಲ್ಲಿ…"

"ಯಾವ ಸಮಾಜ?"

"ಅಂದ್ರೆ?"

"ಅದರಲ್ಲಿ ಒಬ್ಬರ ಹೆಸರು ಹೇಳು."

ವೆಲ್ಡಾ ತಡವರಿಸಿದಳು. "ಹಂಗೆಲ್ಲಾ ಕೇಳ್ತಾರಾ ಅಕ್ಕಾ?"

"ನನಗೇನು ಗೊತ್ತು. ನಾನಾಗಿದ್ರೆ ಕೇಳ್ತಿದ್ದೆ. ನೀನು ಸಮಾಜ ಸಮಾಜ ಅಂತೀಯ, ನಿಮ್ಮಜ್ಜಿ ಬಾಯಲ್ಲಿ ಎಷ್ಟು ಹಲ್ಲಿದೆ ಹೇಳು ನೋಡೋಣ."

"ಒಂದೂ ಇಲ್ಲ."

"ಎರಡಿದೆ. ಕೆಳಗೆ, ಎಡಗಡೆ. ಅದರಲ್ಲೇ ಮೀನಿನ ಮುಳ್ಳು ಬಿಡಿಸ್ತಾಳೆ. ಬರ್ಕೋ."

ವೆಲ್ಡಾ ನಗುತ್ತ ನಿಜಕ್ಕೂ ಬರೆದುಕೊಂಡಳು. ಅವಳ ಗುಣವೇ ಹಾಗೆ. ಹೇಳಿದ್ದನ್ನೆಲ್ಲ ಬರೆದುಕೊಳ್ಳುವವಳು. ಬರೆದದ್ದನ್ನು ಮರೆಯದವಳು.

ರಾತ್ರಿ ಅವಳು ಮಲಗಿದ ಮೇಲೆ ಲೆಂತಾ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತ, ಅದೇ ಪ್ರಶ್ನೆಗಳಿಗೆ ತುಟಿ ಅಲ್ಲಾಡಿಸದೆ ತಾನೂ ಉತ್ತರ ಹೇಳಿಕೊಳ್ಳುತ್ತಿದ್ದಳು. ಅವಳಿಗೆ ಇಂಗ್ಲಿಷ್ ಸರಾಗವಿರಲಿಲ್ಲ. ಸಂದರ್ಶನ ಅರ್ಧ ಇಂಗ್ಲಿಷ್, ಅರ್ಧ ಮಲಯ್. ವೆಲ್ಡಾ ಹಗಲು ಬಳಸಿದ ಒಳ್ಳೊಳ್ಳೆಯ ವಾಕ್ಯಗಳನ್ನು ಲೆಂತಾ ರಾತ್ರಿ ಎತ್ತಿಟ್ಟುಕೊಳ್ಳುತ್ತಿದ್ದಳು. ಹೇಳಿಕೊಡುತ್ತಿರುವವರು ಯಾರು, ಕಲಿಯುತ್ತಿರುವವರು ಯಾರು ಎಂದು ಯೋಚಿಸಿದರೆ ಮುಖ ಬಿಸಿಯಾಗುತ್ತಿತ್ತು. ಹಾಗಾಗಿ ಯೋಚಿಸುತ್ತಿರಲಿಲ್ಲ.

ಮಾತಿನ ಜೊತೆ ಕೈಚಳಕದ ಪರೀಕ್ಷೆಯೂ ಇತ್ತು. ಚಿತ್ರ ತೋರಿಸಿ ಅದೇ ಆಕಾರಕ್ಕೆ ತಂತಿ ಬಗ್ಗಿಸಲು ಹೇಳುತ್ತಾರೆ. ಸೋಪಿನ ತುಂಡಿನಲ್ಲಿ ಹಲ್ಲು ಕೆತ್ತಿಸುತ್ತಾರೆ. ಇಲ್ಲಿ ವೆಲ್ಡಾ ಸೋತುಹೋದಳು. ಮೊದಲ ವಾರ ಆರು ಸೋಪು ಮುರಿದಳು. ಚಾಕು ಜಾರಿ ಬಲಗೈ ಹೆಬ್ಬೆರಳು ಕೊಯ್ದುಕೊಂಡಳು. ಏಳನೆಯದು ಹಲ್ಲಿನ ಹಾಗೆ ಕಾಣುವ ಬದಲು ತಿಂದು ಬಿಟ್ಟ ಪೇರಲೆ ಹಣ್ಣಿನ ಹಾಗಿತ್ತು.

ತಪ್ಪು ಎಲ್ಲಿದೆಯೆಂದು ಲೆಂತಾಳಿಗೆ ಮೊದಲ ದಿನವೇ ಕಂಡಿತ್ತು. ಹುಡುಗಿ ಕೈಯನ್ನು ಗಾಳಿಯಲ್ಲಿ ತೇಲಿಸಿಕೊಂಡು ಕೆತ್ತುತ್ತಿದ್ದಳು. ಉಂಗುರಬೆರಳನ್ನು ಎಲ್ಲಾದರೂ ಊರಬೇಕು. ಬಾಯಲ್ಲಾದರೆ ಪಕ್ಕದ ಹಲ್ಲಿನ ಮೇಲೆ, ಸೋಪಾದರೆ ಸೋಪಿನ ಅಂಚಿನ ಮೇಲೆ. ಬೆರಳು ಊರಿದರೆ ಕೈ ನಿಲ್ಲುತ್ತದೆ, ಕೈ ನಿಂತರೆ ಚಾಕು ಜಾರುವುದಿಲ್ಲ. ಪೆನಾಂಗಿನ ತರಬೇತಿಯಲ್ಲಿ ಲೆಂತಾಳಿಗೆ ಮೊದಲ ಗಂಟೆಯಲ್ಲೇ ಕಲಿಸಿದ ಪಾಠ ಅದು.

ಅದನ್ನು ಅವಳು ಹೇಳಲಿಲ್ಲ. "ಅಭ್ಯಾಸ ಮಾಡು, ಬರುತ್ತೆ," ಎಂದಷ್ಟೇ ಹೇಳಿದಳು. ಆ ವಾರ ಪೂರ್ತಿ ಹಾಗೇ ಹೇಳಿದಳು.

ಎಂಟನೇ ದಿನ ದವಾಖಾನೆಯಿಂದ ಬಂದಾಗ ವೆಲ್ಡಾ ಜಗಲಿಯಲ್ಲಿ ಕೂತು ಪಟ್ಟಿ ಕಟ್ಟಿದ ಹೆಬ್ಬೆರಳನ್ನು ಮೇಲೆತ್ತಿಕೊಂಡು ಎಡಗೈಯಲ್ಲಿ ಕೆತ್ತುತ್ತಿದ್ದಳು. ಬಲಗೈಗೆ ನೋವು, ಅದಕ್ಕೆ ಎಡಗೈ. ಲೆಂತಾ ನಿಂತು ನೋಡಿದಳು. ಚೀಲ ಕೆಳಗಿಟ್ಟಳು.

"ಇಲ್ಲಿ ಕೊಡು. ನೋಡು, ಈ ಬೆರಳನ್ನ ಇಲ್ಲಿ ಊರಬೇಕು. ಹಿಂಗೆ. ಮೊಣಕೈ ಮೇಜಿನ ಮೇಲಿರ್ಲಿ."

ವೆಲ್ಡಾ ಮಾಡಿ ನೋಡಿದಳು. ಚಾಕು ಹೇಳಿದಂತೆ ಕೇಳಿತು. "ಅಯ್ಯೋ, ಇಷ್ಟೇನಾ? ಮೊದಲೇ ಯಾಕೆ ಹೇಳಲಿಲ್ಲ ಅಕ್ಕಾ?"

"ಮರ್ತೆ," ಎಂದಳು ಲೆಂತಾ. ಅದೊಂದು ಸುಳ್ಳು.

ಮೂರನೇ ವಾರ ವೆಲ್ಡಾಳಿಗೆ ಬೇರೆ ಚಿಂತೆ ಹಿಡಿಯಿತು. "ಒಂದು ಮಗುವಿನ ಜೊತೆಗಿನ ನಿಮ್ಮ ಅನುಭವ ಹೇಳಿ ಅಂತ ಕೇಳ್ತಾರಂತೆ. ನನ್ನ ಹತ್ರ ಏನಿದೆ ಹೇಳೋಕೆ? ನೀನೊಂದ್ಸಲ ಹೇಳು. ನಾನು ಪ್ರೊಫೆಸರ್ ಆಗ್ತೀನಿ. ಹೆಂಗೆ ಹೇಳೋದು ಅಂತ ಗೊತ್ತಾಗ್ಲಿ."

ಲೆಂತಾ ಕುರ್ಚಿ ಬದಲಿಸಿದಳು. ನಾಟಕವಾಡುವ ನೆಪದಲ್ಲಿ, ತಾನು ನಿಜವಾಗಿ ಹೇಳಬೇಕೆಂದು ಇಟ್ಟುಕೊಂಡದ್ದನ್ನೇ ಹೇಳಿದಳು.

ಮೇಲಿನ ಒಂದು ಹಾಸ್ಟೆಲ್ ಶಾಲೆಯಲ್ಲಿ ಮುನಾ ಎಂಬ ಹುಡುಗಿ ಇದ್ದಳು. ಎಂಟು ವರ್ಷ. ತಿಂಗಳುಗಟ್ಟಲೆ ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಮೇಷ್ಟರು ದಡ್ಡಿ ಎಂದು ಬರೆದುಬಿಟ್ಟಿದ್ದರು. ಕುರ್ಚಿಗೆ ಹತ್ತಿಸಿದರೆ ಎರಡೂ ಕೈ ಬಾಯಿಗೆ. ಲೆಂತಾ ಕುರ್ಚಿಯನ್ನೇ ಬಿಟ್ಟು ನೆಲದ ಮೇಲೆ ಕೂತಳು. ಹಲ್ಲು ನೋಡುವ ಕನ್ನಡಿಕಡ್ಡಿಯನ್ನು ಮುನಾಳ ಕೈಗೆ ಕೊಟ್ಟು, 'ಮೊದಲು ನೀನು ನನ್ನದು ನೋಡು. ಎಷ್ಟಿದೆ ಎಣಿಸು' ಎಂದು ತಾನೇ ಬಾಯಿ ತೆರೆದಳು. ಹುಡುಗಿ ಬೆರಳಿಟ್ಟು ಎಣಿಸಿದಳು. ಇಪ್ಪತ್ತೇಳು. ಮತ್ತೊಮ್ಮೆ ಎಣಿಸಿದಳು. 'ಮಿಸ್ಸಿ, ಇಲ್ಲೊಂದು ಜಾಗ ಖಾಲಿ ಇದೆ' ಎಂದಳು. ಆ ವರ್ಷ ಅವಳ ಬಾಯಿಂದ ಶಾಲೆಯಲ್ಲಿ ಬಂದ ಮೊದಲ ಮಾತು ಅದು. ಆಮೇಲೆ ತಾನಾಗಿ ಬಾಯಿ ತೆರೆದಳು. ಒಳಗೆ ಎರಡು ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ದಡ್ಡತನ ಏನೂ ಇರಲಿಲ್ಲ, ನೋವಿತ್ತು.

ವೆಲ್ಡಾ ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. "ಇದು ಡಿಸೆಂಬರಿನ ಕ್ಯಾಂಪಿನದಲ್ವಾ? ನಾನೂ ಬಂದಿದ್ನಲ್ಲ, ಟಾರ್ಚ್ ಹಿಡಿಯೋಕೆ."

"ಬಂದಿದ್ದೆ. ಆವತ್ತು ದೋಣಿಯಲ್ಲಿ ವಾಂತಿ ಮಾಡ್ಕೊಂಡು ಮಧ್ಯಾಹ್ನದವರೆಗೂ ಮಲಗಿದ್ದೆ."

"ಅದೂ ಹೌದು," ಎಂದು ವೆಲ್ಡಾ ನಕ್ಕಳು.

ಸಂದರ್ಶನ ನಡೆಸಲು ಕೌಲಾಲಂಪುರದ ಕಾಲೇಜಿನ ತಂಡ ಕುಚಿಂಗ್ ನಗರಕ್ಕೇ ಬರುವುದಿತ್ತು. ಎರಡು ದಿನ ಮೊದಲೇ ವೆಲ್ಡಾ ಅಮ್ಮನ ಜೊತೆ ಹೊರಟಳು. ತನಗೂ ಕುಚಿಂಗಿನಲ್ಲಿ ಇಲಾಖೆಯ ತರಬೇತಿ ಇದೆಯೆಂದು ಲೆಂತಾ ಹೇಳಿದ್ದಳು. "ಹಂಗಾದ್ರೆ ಬೆಳಿಗ್ಗೆ ಬಂದು ಇವಳ ಹತ್ರ ಒಂದ್ಗಳಿಗೆ ಕೂತಿರು," ಎಂದು ಚಿಕ್ಕಮ್ಮ ಕೇಳಿದಾಗ, "ನೋಡೋಣ ಚಿಕ್ಕಮ್ಮ, ಸಮಯ ಸಿಕ್ರೆ," ಎಂದಳು.

ಒಂದು ಸರ್ಕಾರಿ ಕಟ್ಟಡದ ಮೂರನೇ ಮಹಡಿ. ಗೋಡೆಗೆ ಹೆಸರಿನ ಪಟ್ಟಿ ಅಂಟಿಸಿದ್ದರು. ನಾಲ್ಕನೆಯದು ವೆಲ್ಡಾ. ಹನ್ನೊಂದನೆಯದು ಲೆಂತಾ ಅನಕ್ ಬೆಲಾಯೋಂಗ್. ಅದೇ ಹೆಸರಿನವರು ಇನ್ಯಾರೋ ಇರಬೇಕೆಂದು ವೆಲ್ಡಾ ಅಂದುಕೊಂಡಿದ್ದಳಂತೆ. ಮೆಟ್ಟಿಲು ಹತ್ತಿ ಬಿಳಿ ಅಂಗಿ ತೊಟ್ಟ ಲೆಂತಾ ಬಂದಾಗ ಅವಳು ಪಟ್ಟಿಯನ್ನೂ ಅಕ್ಕನನ್ನೂ ಎರಡೆರಡು ಸಲ ನೋಡಿದಳು.

"ನೀನೂ?"

"ಹೂಂ."

"ಯಾವಾಗಿಂದ?"

"ನಿನ್ನ ಕರೆ ಬಂದ ದಿನವೇ ಬಂತು."

ವೆಲ್ಡಾ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಗುಮಾಸ್ತೆ ಅವಳ ಹೆಸರು ಕೂಗಿದಳು. ಒಳಗೆ ಹೋದವಳು ಇಪ್ಪತ್ತು ನಿಮಿಷದ ಮೇಲೆ ಹೊರಬಂದಳು. ಮುಖದಲ್ಲಿ ಗೆಲುವಿತ್ತು, ಲೆಂತಾಳನ್ನು ಕಂಡೊಡನೆ ಅದು ಇಳಿಯಿತು. ಮಾತಾಡಿಸದೆ ಕೆಳಗಿಳಿದು ಹೋದಳು. ಮುಚ್ಚಿಟ್ಟದ್ದಕ್ಕೆ ಕೋಪ ಇರಬೇಕೆಂದುಕೊಂಡಳು ಲೆಂತಾ.

ತಂತಿ ಮತ್ತು ಸೋಪಿನ ಪರೀಕ್ಷೆ ಲೆಂತಾಳಿಗೆ ಕೆಲಸದಂತೆಯೇ ಅನಿಸಲಿಲ್ಲ. ಕೊಟ್ಟ ಅವಧಿಯ ಅರ್ಧದಲ್ಲೇ ಮುಗಿಸಿ ಚಾಕು ಒರೆಸಿಟ್ಟಳು. ಆಮೇಲೆ ಒಳಗೆ ಕರೆದರು. ಮೂವರಿದ್ದರು. ನಡುವೆ ಪ್ರೊಫೆಸರ್, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ನರೆಗೂದಲಿನ ಹೆಂಗಸು. ಒಂದು ಪಕ್ಕ ಬರೆದುಕೊಳ್ಳುತ್ತಿದ್ದ ಗಂಡಸು, ಇನ್ನೊಂದು ಪಕ್ಕ ಲೆಂತಾಳಿಗಿಂತ ಚಿಕ್ಕವನಂತೆ ಕಾಣುವ ಒಬ್ಬ ಡಾಕ್ಟರ್.

ಮೊದಲ ಪ್ರಶ್ನೆಗಳು ಇಂಗ್ಲಿಷಿನಲ್ಲಿ ಬಂದವು. ಲೆಂತಾ ಎಡವುತ್ತ ಎಡವುತ್ತ ದಾಟಿದಳು. ಆಮೇಲೆ ಪ್ರೊಫೆಸರ್ ಮಲಯ್ ಭಾಷೆಗೆ ತಿರುಗಿದರು. "ಏಳು ವರ್ಷ ಮಕ್ಕಳ ಜೊತೆ ಕೆಲಸ ಮಾಡಿದ್ದೀರಿ. ಒಂದು ಮಗುವಿನ ವಿಷಯ ಹೇಳಿ."

ಲೆಂತಾಳ ಎದೆ ಹಗುರಾಯಿತು. "ಮೇಲಿನ ಒಂದು ಶಾಲೆಯಲ್ಲಿ ಎಂಟು ವರ್ಷದ ಹುಡುಗಿ ಇದ್ದಳು ಡಾಕ್ಟರ್. ಬಾಯಿ ತೆರೆಯುತ್ತಿರಲಿಲ್ಲ. ಆಗ ನಾನು ನೆಲದ ಮೇಲೆ ಕೂತು ಕನ್ನಡಿಯನ್ನ ಅವಳ ಕೈಗೆ ಕೊಟ್ಟು…"

ಬರೆಯುತ್ತಿದ್ದ ಗಂಡಸು ಪೆನ್ನು ನಿಲ್ಲಿಸಿ ತಲೆಯೆತ್ತಿದ. ಕಿರಿಯ ಡಾಕ್ಟರ್ ಪ್ರೊಫೆಸರ್ ಕಡೆ ನೋಡಿದ.

"ಒಂದು ನಿಮಿಷ," ಎಂದರು ಪ್ರೊಫೆಸರ್. ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಹುಡುಗಿ ನಿಮ್ಮ ಹಲ್ಲು ಎಣಿಸಿದಳು, ಅಲ್ಲವೆ? ಬೆಳಿಗ್ಗೆ ನಿಮ್ಮ ಕಡೆಯವರೇ ಒಬ್ಬರು ಇದೇ ಅನುಭವ ಹೇಳಿದರು. ತನಗೇ ಆದದ್ದೆಂದು ಹೇಳಿದರು. ಇಬ್ಬರಲ್ಲಿ ಒಬ್ಬರದು ಇರಬೇಕು. ಅವರು ಒಂದು ಸಂಖ್ಯೆಯನ್ನೂ ಹೇಳಿದ್ದಾರೆ. ನಿಮ್ಮ ಹುಡುಗಿ ಎಷ್ಟು ಎಣಿಸಿದಳು?"

ಲೆಂತಾಳಿಗೆ ಎಲ್ಲ ಒಮ್ಮೆಗೇ ಅರ್ಥವಾಯಿತು. ಕೆಳಗಿಳಿದು ಹೋದ ವೆಲ್ಡಾಳ ಮುಖ, ಬರೆಯುವುದನ್ನು ನಿಲ್ಲಿಸಿ ಕೇಳುತ್ತ ಕೂತಿದ್ದ ಆ ಸಂಜೆ. ಇಪ್ಪತ್ತೇಳು ಎಂದೇ ಹೇಳಿರುತ್ತಾಳೆ, ಕೇಳಿದ್ದನ್ನು ಮರೆಯುವವಳಲ್ಲ. ವೆಲ್ಡಾಳ ಬಾಯಲ್ಲಿ ಇಪ್ಪತ್ತೆಂಟು ಹಲ್ಲಿವೆ, ಒಂದೂ ಕೊರೆಯಿಲ್ಲ. ಅವಳು ಶಾಲೆಯಲ್ಲಿದ್ದಾಗ ಲೆಂತಾಳೇ ಪರೀಕ್ಷಿಸಿದ್ದಳು. ತಾನೀಗ ಬಾಯಿ ತೆರೆದು ಮೇಲಿನ ಬಲಗಡೆಯ ಖಾಲಿ ಜಾಗ ತೋರಿಸಿದರೆ ಮುಗಿಯಿತು. ಎದುರಿಗಿರುವ ಮೂವರೂ ಹಲ್ಲಿನ ಡಾಕ್ಟರುಗಳೇ. ಇದಕ್ಕಿಂತ ಸುಲಭದ ಸಾಕ್ಷಿ ಇನ್ನಿಲ್ಲ.

ಅವಳು ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡಳು. ನಾಲ್ಕು ವಾರ ಒಂದೇ ಚಾಪೆಯ ಮೇಲೆ ಮಲಗಿದ ಹುಡುಗಿಗೆ ತಾನೂ ಸ್ಪರ್ಧೆಯಲ್ಲಿದ್ದೇನೆಂದು ಹೇಳದೆ, ಅವಳ ನೋಟ್‌ಬುಕ್ಕಿನಿಂದಲೇ ಇಂಗ್ಲಿಷ್ ಕಲಿತು ಇಲ್ಲಿ ಬಂದು ಕೂತವಳು ತಾನು.

"ಅವಳಿಗೆ ಎಣಿಕೆ ಸರಿಯಾಗಿ ಬರ್ತಿರಲಿಲ್ಲ ಡಾಕ್ಟರ್," ಎಂದಳು. "ಅದನ್ನ ಬಿಡಿ. ನಾನು ಬೇರೆ ಮಗುವಿನ ವಿಷಯ ಹೇಳ್ತೀನಿ, ಆಗಬಹುದಾ?"

ಪ್ರೊಫೆಸರ್ ಅವಳನ್ನೇ ದಿಟ್ಟಿಸಿದರು. "ಹೇಳಿ."

ಬೇರೆ ಯಾವುದನ್ನೂ ಅವಳು ತಯಾರು ಮಾಡಿಕೊಂಡಿರಲಿಲ್ಲ. ನಾಲಗೆಗೆ ಬಂದದ್ದು ಅವಳು ಯಾರೆದುರಿಗೂ ಆಡದ ಸಂಗತಿ.

"ಉಗಾಟ್ ಅಂತ ಒಬ್ಬ ಹುಡುಗ. ಏಳು ವರ್ಷ. ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ಆವತ್ತು ಒಂದೇ ದಿನ ಅರವತ್ತು ಮಕ್ಕಳನ್ನ ನೋಡಬೇಕಿತ್ತು, ಸಂಜೆ ದೋಣಿ ಹಿಡಿಯೋ ಆತುರ. ಹಾಲಿನ ದವಡೆಹಲ್ಲು ಅಂದ್ಕೊಂಡು ಆರನೇ ವರ್ಷಕ್ಕೆ ಬರೋ ಶಾಶ್ವತ ಹಲ್ಲನ್ನ ಕಿತ್ತುಬಿಟ್ಟೆ. ಕೈಗೆ ಬಂದ ಮೇಲೆ ಬೇರು ನೋಡಿ ಗೊತ್ತಾಯ್ತು."

ಅವಳು ಮುಂದುವರಿಸಿದಳು.

"ಮೇಷ್ಟರಿಗೆ ಗೊತ್ತಾಗ್ತಿರಲಿಲ್ಲ. ಹುಡುಗನಿಗೂ ಇಲ್ಲ. ಮಾರನೇ ದಿನ ರಜೆ ಹಾಕಿ ಅವನ ಮನೆಗೆ ಹೋದೆ. ಅಲ್ಲಿಂದ ಮತ್ತೆ ಮೂರು ಗಂಟೆ ಮೇಲಕ್ಕೆ ಹೋಗಬೇಕು. ಅವನಮ್ಮ ಮೆಣಸು ಒಣಗಿಸ್ತಿದ್ದಳು. ಹೇಳಿದೆ. 'ಮತ್ತೆ ಬರುತ್ತಲ್ವಾ?' ಅಂದಳು. ಬರಲ್ಲ ಅಂದೆ. 'ಬೇರೆಯವರ ಮಕ್ಕಳಿಗೆ ಬಂತಲ್ಲ' ಅಂದಳು. ಹಾಲುಹಲ್ಲಿಗೂ ಇದಕ್ಕೂ ಇರೋ ವ್ಯತ್ಯಾಸ ಕಡ್ಡಿಯಲ್ಲಿ ನೆಲದ ಮೇಲೆ ಬರೆದು ತೋರಿಸ್ದೆ. ಅವಳು ಬೈಯಲಿಲ್ಲ. ಊಟ ಹಾಕಿದಳು. ವಾಪಸ್ ಬಂದು ಡಾಕ್ಟರಿಗೆ ಬರೆದುಕೊಟ್ಟೆ."

"ಆಮೇಲೆ?"

"ಎಚ್ಚರಿಕೆ ಪತ್ರ ಕೊಟ್ಟರು. ಆ ಹುಡುಗನ್ನ ವರ್ಷಕ್ಕೆರಡು ಸಲ ಕರೆಸಿ ನೋಡ್ತೀನಿ. ಹಿಂದಿನ ಹಲ್ಲು ಮುಂದಕ್ಕೆ ಬಾಗ್ತಾ ಇದೆ. ಅದನ್ನ ನೆಟ್ಟಗೆ ಮಾಡೋದು ನನಗೆ ಬರಲ್ಲ. ಮಾಡೋ ಅಧಿಕಾರವೂ ಇಲ್ಲ."

ಬರೆಯುತ್ತಿದ್ದ ಗಂಡಸು ಕೇಳಿದ. "ಸಂದರ್ಶನದಲ್ಲಿ ಇಂಥದ್ದನ್ನ ಯಾರೂ ಹೇಳಲ್ಲ. ನೀವ್ಯಾಕೆ ಹೇಳಿದಿರಿ?"

"ಹೆಂಗಿದ್ರೂ ನನ್ನ ಫೈಲಿನಲ್ಲಿದೆ, ನೀವು ನೋಡ್ತೀರಲ್ಲ ಸರ್."

ಕಿರಿಯ ಡಾಕ್ಟರ್‌ಗೆ ನಗು ಬಂತು, ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡ. ಪ್ರೊಫೆಸರ್ ಕನ್ನಡಕ ತೆಗೆದು, "ಆಯಿತು, ಹೋಗಿಬನ್ನಿ," ಎಂದರು.

ಕೆಳಗೆ ಬೀದಿಬದಿಯ ನೂಡಲ್ಸ್ ಅಂಗಡಿಯಲ್ಲಿ ವೆಲ್ಡಾ ಕೂತಿದ್ದಳು. ಮುಂದಿದ್ದ ಕೊಲೊ ಮೀ ತಟ್ಟೆಗೆ ಕೈ ಹಚ್ಚಿರಲಿಲ್ಲ. ಲೆಂತಾ ಎದುರಿಗೆ ಕೂತು ಒಂದು ಐಸ್ ಟೀ ಹೇಳಿದಳು.

"ಮುನಾ ವಿಷಯ ಹೇಳ್ದೆ, ಅಲ್ವಾ?"

"ನಾನೂ ಆ ಕ್ಯಾಂಪಿಗೆ ಬಂದಿದ್ದೆ." ವೆಲ್ಡಾ ತಟ್ಟೆ ನೋಡುತ್ತ ಹೇಳಿದಳು.

"ಹಲ್ಲು ನಿಂದು ಎಣಿಸಿದ್ಲಾ?"

ವೆಲ್ಡಾಳ ದನಿ ಏರಿತು. "ನೀನು ಬರ್ತೀಯ ಅಂತ ಹೇಳಿದ್ರೆ ನಾನ್ಯಾಕೆ ಅದನ್ನ ಹೇಳ್ತಿದ್ದೆ? ನಾಲ್ಕು ವಾರ ಜೊತೇಲಿದ್ದೆ. ಒಂದು ಮಾತು ಹೇಳಲಿಲ್ಲ. ತರಬೇತಿ ಅಂದೆ."

"ಹೂಂ. ಅದು ನನ್ನ ತಪ್ಪು."

ವೆಲ್ಡಾ ಜಗಳಕ್ಕೆ ಸಿದ್ಧಳಾಗಿ ಕೂತಿದ್ದಳು. ಕಡ್ಡಿಗಳಿಂದ ನೂಡಲ್ಸ್ ಕೆದಕಿದಳು. "ನೀನು ಒಳಗೆ ಹೋದಾಗ ಏನಾಯ್ತು?"

"ಅದನ್ನೇ ಶುರು ಮಾಡ್ದೆ. ಬೆಳಿಗ್ಗೆ ಒಬ್ಬರು ಹೇಳಿದ್ರು ಅಂದ್ರು. ಬಿಟ್ಟೆ. ಬೇರೆ ಹೇಳ್ದೆ."

"ಅದು ನಿಂದು ಅಂತ ಹೇಳಲಿಲ್ವಾ?"

"ನಿನ್ನ ಹೆಸರು ಎತ್ತಲಿಲ್ಲ. ತಿನ್ನು, ಆರಿಹೋಗುತ್ತೆ."

ವೆಲ್ಡಾ ತಿನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಬರೆಯತೊಡಗಿದಳು. ತಲೆಕೆಳಗಾಗಿ ಕಾಣುತ್ತಿದ್ದ ಮೊದಲ ಸಾಲನ್ನು ಲೆಂತಾ ಎದುರಿನಿಂದಲೇ ಓದಿದಳು: ನಾನು ಹೇಳಿದ ಅನುಭವ ನನ್ನದಲ್ಲ. ಕೈ ಚಾಚಿ ಹಾಳೆಯ ಮೇಲಿಟ್ಟಳು.

"ಬೇಡ ವೆಲ್ಡಾ. ಇದನ್ನ ಕೊಟ್ರೆ ನಿನ್ನ ಸೀಟು ಹೋಗುತ್ತೆ. ನನಗೇನೂ ಲಾಭ ಇಲ್ಲ, ನನ್ನದು ಮುಗೀತು."

"ಕೈ ತೆಗಿ ಅಕ್ಕಾ."

"ನಿಮ್ಮಮ್ಮನಿಗೆ ಏನ್ ಹೇಳ್ತೀಯ?"

"ಆಮೇಲೆ ನೋಡ್ಕೋತೀನಿ."

ಅವಳು ಮೂರು ಮಹಡಿ ಹತ್ತಿ ಹೋಗಿ ಗುಮಾಸ್ತೆಯ ಮೇಜಿನ ಮೇಲೆ ಹಾಳೆ ಕೊಟ್ಟು ಬಂದಳು. ಗುಮಾಸ್ತೆ ಅದನ್ನು ಒಂದು ಫೈಲಿನ ಕೆಳಗೆ ಇಟ್ಟುಕೊಂಡಳಂತೆ. ಅದನ್ನು ಒಳಗೆ ಕೊಟ್ಟಳೋ ಇಲ್ಲವೋ, ಓದಿದರೋ ಇಲ್ಲವೋ, ಇಬ್ಬರಿಗೂ ಕೊನೆವರೆಗೂ ತಿಳಿಯಲಿಲ್ಲ.

ಲೆಂತಾಳೂ ಸಂದರ್ಶನಕ್ಕೆ ಬಂದಿದ್ದಳೆಂಬುದು ಚಿಕ್ಕಮ್ಮನಿಗೆ ಅದೇ ಸಂಜೆ ಗೊತ್ತಾಯಿತು. ಬೈಗುಳ ಬರಲಿಲ್ಲ, ಮಾತೇ ನಿಂತಿತು. ಜೂನ್ ತಿಂಗಳ ಗವಾಯ್ ಸುಗ್ಗಿಹಬ್ಬಕ್ಕೆ ಎಲ್ಲರೂ ಸಾಲುಮನೆಗೆ ಸೇರಿದಾಗ ಲೆಂತಾ ಲೋಟಕ್ಕೆ ಅಕ್ಕಿಯ ಹೆಂಡ ತುವಾಕ್ ಬಗ್ಗಿಸಿ ಚಿಕ್ಕಮ್ಮನಿಗೆ ಕೊಟ್ಟಳು. ಚಿಕ್ಕಮ್ಮ ಇಸಿದುಕೊಂಡು, ತುಟಿಗೆ ತಾಗಿಸದೆ, ಪಕ್ಕದವಳ ಕೈಗೆ ದಾಟಿಸಿದಳು. ಕೂತಿದ್ದವರೆಲ್ಲ ನೋಡಿದರು. ಲೆಂತಾ ಮುಂದಿನವರಿಗೆ ಬಗ್ಗಿಸಿದಳು.

ಆಗಸ್ಟಿನಲ್ಲಿ ಫಲಿತಾಂಶ ಬಂತು. ಲೆಂತಾಳಿಗೆ ಸೀಟು ಸಿಕ್ಕಿತ್ತು. ವೆಲ್ಡಾಳಿಗೆ ಸಿಕ್ಕಿರಲಿಲ್ಲ, ಬದಲಿಗೆ ಆಹಾರ ವಿಜ್ಞಾನಕ್ಕೆ ಸೇರಬಹುದೆಂದು ಬರೆದಿದ್ದರು.

ಲೆಂತಾ ಬಟ್ಟೆಬರೆ ತುಂಬಿಕೊಳ್ಳಲು ಸಾಲುಮನೆಗೆ ಬಂದ ದಿನ ಚಿಕ್ಕಮ್ಮ ಮೂರು ತಿಂಗಳ ಮೇಲೆ ಮೊದಲ ಮಾತಾಡಿದಳು. ಎಲ್ಲರೂ ಕೂರುವ ಉದ್ದ ಪಡಸಾಲೆಯಲ್ಲಿ, ಬುಟ್ಟಿ ಹೆಣೆಯುತ್ತಿದ್ದ ಹೆಂಗಸರ ಎದುರಿಗೇ.

"ಕಲಿಸೋ ನೆಪದಲ್ಲಿ ನನ್ನ ಮಗಳ ಪುಸ್ತಕದಿಂದ್ಲೇ ಕಲ್ತ್ಕೊಂಡು ಹೊರಟೆ. ಸೊಪ್ಪು, ಮೀನು ತಂದು ಕೊಟ್ಟವಳು ನಾನೇ. ಚೆನ್ನಾಗಿತ್ತಾ ಮೀನು?"

ಲೆಂತಾ ನಿಂತಲ್ಲೇ ನಿಂತಳು. ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. "ಹೇಳಬೇಕಿತ್ತು ಚಿಕ್ಕಮ್ಮ. ಹೇಳಲಿಲ್ಲ."

"ಅಮ್ಮಾ, ಸಾಕು," ಎಂದಳು ವೆಲ್ಡಾ. ಅವಳು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಅಲ್ಲೇ, ಅಷ್ಟು ಜನರೆದುರಿಗೆ, ತಾನು ಸಂದರ್ಶನದಲ್ಲಿ ಏನು ಹೇಳಿದೆ, ಅದು ಯಾರದಾಗಿತ್ತು, ಅಕ್ಕ ಒಳಗೆ ಏನು ಹೇಳದೆ ಉಳಿದಳು, ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿದಳು. ಉರುಹೊಡೆದದ್ದನ್ನು ಒಪ್ಪಿಸುವ ದನಿಯಾಗಿರಲಿಲ್ಲ ಅದು.

ಹೆಂಗಸರ ಕೈಯಲ್ಲಿ ಬೆತ್ತದ ಸೀಳುಗಳು ನಿಂತವು. ಚಿಕ್ಕಮ್ಮ ಮಗಳನ್ನು ನೋಡಿದಳು, ಲೆಂತಾಳನ್ನು ನೋಡಿದಳು. "ಇಬ್ರೂ ಒಂದೇ," ಎಂದು ಎದ್ದು ಒಲೆಯ ಹತ್ತಿರ ಹೋದಳು. ಆ ಮಧ್ಯಾಹ್ನ ಊಟಕ್ಕೆ ಲೆಂತಾಳನ್ನೂ ಕರೆದಳು. ಕರೆದದ್ದು ಬೇರೆಯವರ ಬಾಯಿಂದ.

ಆಹಾರ ವಿಜ್ಞಾನ ವೆಲ್ಡಾಳಿಗೆ ಬೇಡವಾಯಿತು. ಡಾಕ್ಟರ್ ತಿಯೋಂಗ್ ಹತ್ತಿರ ತಾನೇ ಹೋಗಿ ಕೆಲಸ ಕೇಳಿದಳು. ಒಂದು ವರ್ಷದ ಮಟ್ಟಿಗೆ ದವಾಖಾನೆಯಲ್ಲಿ ಸಹಾಯಕಿಯಾಗಿ ತೆಗೆದುಕೊಂಡರು. ಸಲಕರಣೆ ಕುದಿಸುವುದು, ಚೀಟಿ ಬರೆಯುವುದು, ದೋಣಿಗೆ ಸಾಮಾನು ಹೇರುವುದು. ಮೊದಲ ಎರಡು ಪ್ರಯಾಣ ವಾಂತಿ ಮಾಡಿಕೊಂಡಳಂತೆ, ಮೂರನೆಯದಕ್ಕೆ ನಿಂತಿತಂತೆ.

ಲೆಂತಾ ಕೌಲಾಲಂಪುರದಲ್ಲಿ ಹತ್ತೊಂಬತ್ತು ವರ್ಷದವರ ನಡುವೆ ಬೆಂಚಿನಲ್ಲಿ ಕೂತಿದ್ದಳು. ಮೊದಲ ದಿನ ಒಬ್ಬ ಹುಡುಗ ಅವಳನ್ನು ಅಧ್ಯಾಪಕಿ ಎಂದು ತಿಳಿದು ಎದ್ದುನಿಂತಿದ್ದ. ಅಂಗರಚನೆಯ ಪುಸ್ತಕ ಇಂಗ್ಲಿಷಿನಲ್ಲಿ ಒಂಬೈನೂರು ಪುಟ. ದಿನಕ್ಕೆ ನಾಲ್ಕು ಪುಟದ ಮೇಲೆ ಹೋಗುತ್ತಿರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಒಂದು ವಿಷಯ ಹೋಯಿತು, ಮತ್ತೆ ಕಟ್ಟಿ ಪಾಸು ಮಾಡಿಕೊಂಡಳು.

ಒಂದು ಮಧ್ಯಾಹ್ನ ವೆಲ್ಡಾ ಫೋನು ಮಾಡಿದಳು. ದೋಣಿಯ ಎಂಜಿನ್ ಸದ್ದಿನಲ್ಲಿ ಕೂಗಿ ಮಾತಾಡಬೇಕಿತ್ತು.

"ಅಕ್ಕಾ, ಇವತ್ತು ಒಬ್ಳು ನನ್ನ ಬೆರಳು ಕಚ್ಚಿಬಿಟ್ಲು. ರಕ್ತ ಬಂತು."

"ಯಾವ ಬೆರಳು?"

"ತೋರುಬೆರಳು. ಹತ್ತಿ ಇಡೋಕೆ ಹೋಗಿದ್ದೆ."

"ಅಷ್ಟು ಒಳಗೆ ಯಾಕೆ ಹಾಕ್ದೆ? ತೊಳ್ಕೊಂಡ್ಯಾ? ರಿಜಿಸ್ಟರಿನಲ್ಲಿ ಬರೆಸಿದ್ಯಾ?"

"ಎಲ್ಲಾ ಆಯ್ತು. ಕಚ್ಚಿ ಆದ್ಮೇಲೆ ಅವಳೇ ಅತ್ಲು. ನಾನೇ ಸಮಾಧಾನ ಮಾಡ್ಬೇಕಾಯ್ತು. ಆಮೇಲೆ ಅಕ್ಕಾ, ಅವಳ ಒಸಡು ಬಿಳಿ ಬಿಳಿ ಇತ್ತು, ಮುಂದಿನ ನಾಲ್ಕು ಹಲ್ಲಿನ ಮೇಲೆ. ನೋವಿಲ್ಲ ಅಂತಾಳೆ. ಅದೇನದು?"

ಲೆಂತಾ ಯೋಚಿಸಿದಳು. "ನನಗೂ ಗೊತ್ತಿಲ್ಲ. ಡಾಕ್ಟರಿಗೆ ತೋರಿಸು. ನಾನೂ ಇಲ್ಲಿ ಕೇಳ್ತೀನಿ."

ಮುಂದಿನ ವರ್ಷ ಬೇರೊಂದು ವಿಶ್ವವಿದ್ಯಾಲಯ ವೆಲ್ಡಾಳನ್ನು ಸಂದರ್ಶನಕ್ಕೆ ಕರೆಯಿತು. ಅಲ್ಲಿ ಏನು ಕೇಳಿದರು, ಏನು ಹೇಳಿದಳು ಎಂದು ಲೆಂತಾ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸೀಟು ಸಿಕ್ಕ ಸುದ್ದಿಯನ್ನು ಲೆಂತಾಳಿಗೆ ತಿಳಿಸಿದ್ದು ಚಿಕ್ಕಮ್ಮ.

"ಸಿಕ್ತು," ಎಂದಳು ಚಿಕ್ಕಮ್ಮ ಫೋನಿನಲ್ಲಿ. "ನೀನು ರಜೆಗೆ ಯಾವಾಗ ಬರ್ತೀಯ?"

"ಡಿಸೆಂಬರಿಗೆ ಚಿಕ್ಕಮ್ಮ."

"ಬರೋ ದಿನ ಮೊದಲೇ ಹೇಳು. ನನ್ನ ಈ ಕಡೆ ದವಡೆ ಒಂದು ತಿಂಗಳಿಂದ ನೋಯ್ತಿದೆ. ನೀನು ನೋಡೋ ಹಂಗಿಲ್ಲ ಅಂತಾರಲ್ಲ, ದೊಡ್ಡವರದ್ದು?"

"ಇನ್ನೂ ಇಲ್ಲ. ನಾಲ್ಕು ವರ್ಷ ಬೇಕು. ಅಲ್ಲಿವರೆಗೆ ಕಾಯ್ಬೇಡ, ನಾಳೆನೇ ಡಾಕ್ಟರ್ ತಿಯೋಂಗ್ ಹತ್ರ ಹೋಗು."

"ಅವರು ಕಿತ್ತಾಕ್ತಾರೆ."

"ಕೀಳಲ್ಲ. ಕೀಳ್ತೀನಿ ಅಂದ್ರೆ ನನಗೆ ಫೋನ್ ಮಾಡಿಸು," ಎಂದಳು ಲೆಂತಾ.

ಚಿಕ್ಕಮ್ಮ ಹೋದಳು. ಡಾಕ್ಟರ್ ಕೀಳಲಿಲ್ಲ. ಹುಳುಕು ಆಳಕ್ಕಿಳಿದಿತ್ತು, ಆದರೆ ತುಂಬುವಷ್ಟು ಹಲ್ಲು ಉಳಿದಿತ್ತು.